ಮಂಗಳೂರು–ಉಡುಪಿಯಲ್ಲಿ ಬಿ.ಎಸ್ಸಿ ನರ್ಸಿಂಗ್: ಅರ್ಜಿ ಹಾಕುವುದರಿಂದ ರಿಜಿಸ್ಟ್ರೇಷನ್‌ವರೆಗೆ

ನರ್ಸಿಂಗ್ ಸೇರಬೇಕು ಅಂತ ಬರುವ ಮಕ್ಕಳು, ಅವರ ಅಪ್ಪ ಅಮ್ಮ ಮೊದಲು ಕೇಳುವುದು ಒಂದೇ ಮಾತು: "ಯಾವ ಕಾಲೇಜು ಒಳ್ಳೆಯದುಂಟು?" ನಾನು ತಿರುಗಿ ಕೇಳುತ್ತೇನೆ, "ಆ ಕಾಲೇಜಿನ ಮಕ್ಕಳು ಕೆಲಸ ಕಲಿಯುವುದು ಯಾವ ಆಸ್ಪತ್ರೆಯಲ್ಲಿ?" ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಮಂಗಳೂರು, ದೇರಳಕಟ್ಟೆ, ಉಡುಪಿ, ಮಣಿಪಾಲದಲ್ಲಿ ನರ್ಸಿಂಗ್ ಕಾಲೇಜಿಗೆ ಬರವಿಲ್ಲ. ಕಟ್ಟಡ, ಬಸ್ಸು, ಬಣ್ಣದ ಬ್ರೋಷರ್ ಎಲ್ಲ ಕಡೆ ಚಂದವೇ. ಆದರೆ ನರ್ಸ್ ತಯಾರಾಗುವುದು ವಾರ್ಡಿನಲ್ಲಿ, ರೋಗಿಯ ಮಂಚದ ಪಕ್ಕ. ಕೆಳಗೆ ಹೇಳುವ ಪ್ರತಿಯೊಂದು ಹೆಜ್ಜೆಯಲ್ಲೂ ಈ ಮಾತು ನೆನಪಿಡಿ.

ಮೊದಲು ಕೋರ್ಸ್ ಯಾವುದು ಅಂತ ತೀರ್ಮಾನಿಸಿ

ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ, ಒಟ್ಟು ಎಂಟು ಸೆಮಿಸ್ಟರ್. ಇದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗಣಿತ ಬೇಕಿಲ್ಲ. ಹುಡುಗರಿಗೂ ಸೀಟು ಇದೆ, ಕೆಲಸವೂ ಇದೆ. ಐಸಿಯು, ಎಮರ್ಜೆನ್ಸಿಯಲ್ಲಿ ಇಂದು ಎಷ್ಟೋ ಬ್ರದರ್‌ಗಳನ್ನು, ಅಂದರೆ ಗಂಡು ನರ್ಸ್‌ಗಳನ್ನು, ನೋಡುತ್ತೀರಿ.

ಆರ್ಟ್ಸ್ ಅಥವಾ ಕಾಮರ್ಸ್ ಓದಿದವರು ಬೇಸರ ಮಾಡಿಕೊಳ್ಳಬೇಕಿಲ್ಲ. ಜಿಎನ್‌ಎಂ ಎಂಬ ಮೂರು ವರ್ಷದ ಡಿಪ್ಲೊಮಾಕ್ಕೆ ಯಾವ ವಿಭಾಗದ ಪಿಯುಸಿ ಆದರೂ ಆಗುತ್ತದೆ. ಅದು ಮುಗಿಸಿ ರಿಜಿಸ್ಟರ್ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿ ಪದವಿ ಪಡೆಯಬಹುದು. ಒಟ್ಟು ಒಂದು ವರ್ಷ ಜಾಸ್ತಿ ಹಿಡಿಯುತ್ತದೆ, ಅಷ್ಟೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆಸ್ಪತ್ರೆಯ ಬೋರ್ಡು ಹಾಕಿಕೊಂಡು ಆರು ತಿಂಗಳ, ಒಂದು ವರ್ಷದ "ನರ್ಸಿಂಗ್ ಅಸಿಸ್ಟೆಂಟ್" ಕೋರ್ಸ್ ನಡೆಸುವವರೂ ಇದ್ದಾರೆ. ಅದು ಓದಿದರೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಲು ಆಗುವುದಿಲ್ಲ. ಹಣ ಕಟ್ಟುವ ಮೊದಲೇ ಕೇಳಿ: "ಇದು ಮುಗಿದ ಮೇಲೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ನಂಬರ್ ಸಿಗುತ್ತದಾ?"

ಕಾಲೇಜು ನೋಡಲು ಹೋದಾಗ ಆಸ್ಪತ್ರೆ ನೋಡಿ ಬನ್ನಿ

ನಮ್ಮಲ್ಲಿ ಕಾಲೇಜುಗಳು ಎರಡು ಥರ. ಕೆಲವು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಕಂಕನಾಡಿಯ ಫಾದರ್ ಮುಲ್ಲರ್ ಈ ಗುಂಪಿಗೆ ಸೇರಿದ್ದು. ಇನ್ನು ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ಕಾಲೇಜುಗಳು. ಮಣಿಪಾಲದ ಮಾಹೆ, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ ಇಂಥವು. ಡೀಮ್ಡ್ ಕಾಲೇಜಿಗೆ ಅವರವರ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬೇಕು. ಪ್ರವೇಶದ ಕ್ರಮ, ಶುಲ್ಕ, ಪರೀಕ್ಷೆ, ಪದವಿ ಎಲ್ಲ ಅವರದ್ದೇ. ಮೊದಲ ಗುಂಪಿನ ಕಾಲೇಜಿನ ಸರ್ಕಾರಿ ಕೋಟಾ ಸೀಟು ಬೇಕಾದರೆ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆಯಬೇಕು.

ಪಟ್ಟಿ ಮಾಡಿಕೊಂಡ ಮೇಲೆ ಕಾಲೇಜಿಗೆ ನೀವೇ ಹೋಗಿ. ಶನಿವಾರ ಭಾನುವಾರ ಬೇಡ, ಕೆಲಸದ ದಿನ ಹೋಗಿ. ಆಫೀಸಿನಲ್ಲಿ ಕೂತು ಶುಲ್ಕದ ಮಾತು ಮುಗಿದ ಮೇಲೆ ಆಸ್ಪತ್ರೆಯ ಕಡೆ ನಡೆಯಿರಿ. ಅವರದ್ದೇ ಆಸ್ಪತ್ರೆ ಇದೆಯಾ? ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಬೋರ್ಡಿನಲ್ಲಿರುವ ಹಾಸಿಗೆಯ ಲೆಕ್ಕಕ್ಕಿಂತ ಎಷ್ಟು ಹಾಸಿಗೆಯಲ್ಲಿ ರೋಗಿಗಳಿದ್ದಾರೆ ಅನ್ನುವುದು ಮುಖ್ಯ. ಹೆರಿಗೆ ವಾರ್ಡ್ ನಡೆಯುತ್ತಿದೆಯಾ? ಮಕ್ಕಳ ವಾರ್ಡ್ ಇದೆಯಾ? ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ, ಅಂದರೆ ಆ ವಿಭಾಗದಲ್ಲಿ ಕೆಲಸ ಕಲಿಯಲು, ಎಲ್ಲಿ ಕಳಿಸುತ್ತಾರೆ? ಸಮುದಾಯ ಆರೋಗ್ಯಕ್ಕೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರ? ಮಂಗಳೂರಿನ ವೆನ್‌ಲಾಕ್ ಜಿಲ್ಲಾಸ್ಪತ್ರೆಗೆ, ಲೇಡಿಗೋಶನ್ ಹೆರಿಗೆ ಆಸ್ಪತ್ರೆಗೆ ಪೋಸ್ಟಿಂಗ್ ಇದೆಯಾ?

ವೆನ್‌ಲಾಕ್ ಹೆಸರು ಬೇಕೆಂದೇ ಎತ್ತಿದೆ. 1848ರಲ್ಲಿ ಶುರುವಾದ ಈ ಸರ್ಕಾರಿ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ, ಕಾಸರಗೋಡಿನಿಂದ ಜನ ಬರುತ್ತಾರೆ. ಅಲ್ಲಿ ಕಲಿಯುವ ವಿದ್ಯಾರ್ಥಿಗೆ ಹಾವು ಕಡಿತ, ಇಲಿಜ್ವರ, ಸುಟ್ಟಗಾಯ, ರಸ್ತೆ ಅಪಘಾತ ಎಲ್ಲ ಕಣ್ಣೆದುರೇ ಬರುತ್ತವೆ. ಖಾಸಗಿ ಆಸ್ಪತ್ರೆಯಲ್ಲಿ ಹೊಸ ಮಷಿನುಗಳ ಪರಿಚಯ ಆಗುತ್ತದೆ, ದಾಖಲೆ ಬರೆಯುವ ಶಿಸ್ತು ಬರುತ್ತದೆ. ಎರಡೂ ಸಿಗುವ ಕಾಲೇಜು ಸಿಕ್ಕರೆ ಬಿಡಬೇಡಿ.

ಗೇಟಿನ ಹೊರಗೆ ಯೂನಿಫಾರಂ ಹಾಕಿಕೊಂಡು ನಿಂತ ಮಕ್ಕಳ ಹತ್ತಿರ ಮಾತಾಡಿ. ಮೂರನೇ ವರ್ಷದವರನ್ನು ಹುಡುಕಿ. "ಇಂಜೆಕ್ಷನ್ ನೀವೇ ಕೊಡ್ತೀರಾ, ಸುಮ್ನೆ ನಿಂತು ನೋಡ್ತೀರಾ? ವಾರ್ಡಿಗೆ ನಿಮ್ಮ ಮೇಡಂ ಬರ್ತಾರಾ?" ಅಂತ ಕೇಳಿ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಇರಬೇಕು. ಆ ಒಬ್ಬರು ನಿಜವಾಗಿ ವಾರ್ಡಿನಲ್ಲಿ ಇರುತ್ತಾರಾ ಅನ್ನುವುದು ಮಕ್ಕಳಿಗೆ ಮಾತ್ರ ಗೊತ್ತು.

ಇನ್ನು ಏಜೆಂಟರ ವಿಷಯ. "ಸೀಟು ಮಾಡಿಸಿಕೊಡ್ತೇನೆ, ಅಡ್ವಾನ್ಸ್ ಕೊಡಿ" ಅನ್ನುವವರು ಪಿಯುಸಿ ರಿಸಲ್ಟ್ ಬಂದ ದಿನವೇ ಫೋನ್ ಮಾಡುತ್ತಾರೆ. ಮ್ಯಾನೇಜ್‌ಮೆಂಟ್ ಸೀಟಿಗೆ ಕಾಲೇಜಿನ ಆಫೀಸಿಗೆ ನೇರವಾಗಿ ಹೋದರೆ ಸಾಕು. ಹಣ ಕಾಲೇಜಿನ ಬ್ಯಾಂಕ್ ಖಾತೆಗೇ ಹೋಗಲಿ, ರಸೀದಿ ಕೈಗೆ ಬರಲಿ. ಮೂಲ ಅಂಕಪಟ್ಟಿಯನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸರ್ಟಿಫಿಕೇಟ್ ಇಟ್ಟುಕೊಂಡು ಮಕ್ಕಳನ್ನು ಸತಾಯಿಸುವುದು ನೋಡಿದಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಕೊಡುವ ಮೊದಲೇ ಈ ನಿಯಮ ಹೇಳಿ. ಕೊಡಲೇಬೇಕಾದರೆ ಏನೇನು ಕೊಟ್ಟಿರಿ ಅಂತ ಸಹಿ ಹಾಕಿದ ಚೀಟಿ ಪಡೆಯಿರಿ.

ಕಾಗದಪತ್ರ

ಪರೀಕ್ಷೆಯ ತಯಾರಿಗೆ ಮೊದಲೇ ಈ ಕೆಲಸ ಮುಗಿಸಿ. ದ್ವಿತೀಯ ಪಿಯುಸಿಯ ದಸರಾ ರಜೆ ಒಳ್ಳೆಯ ಸಮಯ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಅದರಲ್ಲಿರುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತನೆಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಈ ಎರಡಕ್ಕೂ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಬೈಂದೂರು, ಕಾರ್ಕಳ, ಬೆಳ್ತಂಗಡಿ, ಸುಳ್ಯ ಕಡೆಯ ಎಷ್ಟೋ ಮಕ್ಕಳಿಗೆ ಎರಡೂ ಅನ್ವಯಿಸುತ್ತವೆ. ಕೊನೇ ವಾರದಲ್ಲಿ ಬಿಇಒ ಕಚೇರಿಗೆ ಓಡಿ, ಸಹಿ ಸಿಗದೆ ಮೀಸಲಾತಿ ಕಳೆದುಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಕಾಸರಗೋಡು, ಮಂಜೇಶ್ವರದ ಕನ್ನಡಿಗ ಮಕ್ಕಳೇ, ಗಡಿನಾಡು ಕನ್ನಡಿಗರಾಗಿ ನೀವೂ ಅರ್ಜಿ ಹಾಕಬಹುದು. ನಿಮಗೆ ಕನ್ನಡ ಭಾಷಾ ಪರೀಕ್ಷೆ ಒಂದು ಹೆಚ್ಚು ಇರುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮ ಕಡೆ ದೊಡ್ಡ ಗೋಜು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಪೂಜಾರಿ ಅಥವಾ ಶೆಟ್ಟಿ ಸೇರಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮುಂದೆ. ಎಲ್ಲವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಿಸಿ. ಸ್ಕಾಲರ್‌ಶಿಪ್, ಕೌನ್ಸಿಲ್ ರಿಜಿಸ್ಟ್ರೇಷನ್, ಪಾಸ್‌ಪೋರ್ಟ್ ಎಲ್ಲ ಕಡೆ ಈ ಒಂದು ಅಕ್ಷರದ ವ್ಯತ್ಯಾಸ ಕಾಡುತ್ತದೆ.

ಸಿಇಟಿ ಮತ್ತು ಸೀಟು ಹಂಚಿಕೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ನಡೆಸುತ್ತದೆ. ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ ಅರ್ಜಿ, ಏಪ್ರಿಲ್‌ನಲ್ಲಿ ಪರೀಕ್ಷೆ. ಪಿಯುಸಿ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿದರಾಯ್ತು ಅಂದುಕೊಂಡರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರು ಪತ್ರಿಕೆ ಬರೆಯಬೇಕು. ಪ್ರತಿಯೊಂದರಲ್ಲೂ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಖಾಲಿ ಬಿಡಬೇಡಿ. ಈ ಸೀಟಿಗೆ ನೀಟ್ ಬೇಕಿಲ್ಲ. ಆದರೆ ಸೇನೆಯ ನರ್ಸಿಂಗ್ ಕಾಲೇಜುಗಳಿಗೆ ನೀಟ್ ಅಂಕ ಬೇಕು. ಆ ಆಸೆ ಇರುವ ಹುಡುಗಿಯರು ಅದನ್ನೂ ಬರೆಯಿರಿ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ. ಇಲ್ಲಿ ನಿಮ್ಮ ಇಷ್ಟದ ಕ್ರಮದಲ್ಲಿ ಕಾಲೇಜುಗಳನ್ನು ಹಾಕುತ್ತಾ ಹೋಗಬೇಕು. "ಇದು ನನಗೆ ಎಲ್ಲಿ ಸಿಗ್ತದೆ" ಅಂತ ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲೆ ಹಾಕಿದರೆ ನಷ್ಟವೇನೂ ಇಲ್ಲ, ಅದು ಸಿಗದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಸಿಕ್ಕರೂ ನೀವು ಸೇರದ ಕಾಲೇಜಿನ ಹೆಸರನ್ನು ಮಾತ್ರ ಹಾಕಲೇಬೇಡಿ. ಮೊದಲು ಅಣಕು ಹಂಚಿಕೆಯ ಫಲಿತಾಂಶ ಬರುತ್ತದೆ. ಅದನ್ನು ನೋಡಿಕೊಂಡು ಕ್ರಮ ಬದಲಿಸಲು ಅವಕಾಶ ಇರುತ್ತದೆ.

ನಿಜವಾದ ಹಂಚಿಕೆಯ ನಂತರ ನಾಲ್ಕು ಆಯ್ಕೆ ಬರುತ್ತವೆ. ಮೊದಲನೆಯದು, ಸಿಕ್ಕ ಸೀಟು ತೃಪ್ತಿ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡನೆಯದು, ಈ ಸೀಟು ಇರಲಿ, ಇನ್ನೂ ಒಳ್ಳೆಯದು ಸಿಕ್ಕರೆ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ಪ್ರಕ್ರಿಯೆಯೇ ಬೇಡ. ಮೂರು ಮತ್ತು ನಾಲ್ಕನ್ನು ಒತ್ತುವ ಮೊದಲು ಮನೆಯವರ ಜೊತೆ ಕೂತು ಮಾತಾಡಿ. ಸೈಬರ್ ಸೆಂಟರಿನ ಅಣ್ಣನ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ. ಅವರು ಟೈಪ್ ಮಾಡಲಿ, ಪಕ್ಕದಲ್ಲಿ ನೀವು ಕೂತಿರಿ, ಆಯ್ಕೆ ನಿಮ್ಮದೇ ಆಗಿರಲಿ.

ಹಣ

ಶುಲ್ಕ ಎಷ್ಟು ಅಂತ ಕೇಳಿದರೆ ಟ್ಯೂಷನ್ ಫೀ ಒಂದನ್ನೇ ಹೇಳುತ್ತಾರೆ. ಯೂನಿಫಾರಂ, ವಿಶ್ವವಿದ್ಯಾಲಯದ ನೋಂದಣಿ, ಪರೀಕ್ಷೆ, ಪೋಸ್ಟಿಂಗ್‌ಗೆ ಹೋಗುವ ಬಸ್ಸು, ಹಾಸ್ಟೆಲು, ಮೆಸ್ಸು ಎಲ್ಲ ಸೇರಿಸಿ ನಾಲ್ಕು ವರ್ಷದ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ವರ್ಷಾವರ್ಷ ಏರುತ್ತದಾ ಅಂತಲೂ ಕೇಳಿ.

ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ವೆಬ್‌ಸೈಟಿನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಅಮ್ಮ ಬೀಡಿ ಕಟ್ಟುತ್ತಾರಾ? ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಇಲಾಖೆಯ ಶಿಕ್ಷಣ ಸಹಾಯ ಇದೆ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಮ್ಮ ಎರಡು ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಆ ಚೀಟಿ ಕಪಾಟಿನಲ್ಲೇ ಇರುತ್ತದೆ, ಈ ಸವಲತ್ತು ಇದೆ ಅಂತಲೇ ಗೊತ್ತಿರುವುದಿಲ್ಲ. ಅಪ್ಪ ಕಟ್ಟಡ ಕಾರ್ಮಿಕರಾಗಿದ್ದು ಲೇಬರ್ ಕಾರ್ಡ್ ಇದ್ದರೆ ಕಲ್ಯಾಣ ಮಂಡಳಿಯ ಸಹಾಯಧನ ನೋಡಿ. ಅಲ್ಪಸಂಖ್ಯಾತರಿಗೆ ಅರಿವು ಎಂಬ ಶಿಕ್ಷಣ ಸಾಲ ಇದೆ.

ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಾಗದ ಪತ್ರ ಅಡ ಇಡಬೇಕಿಲ್ಲ. ಮ್ಯಾನೇಜರ್ ಕೇಳಿದರೂ ವಿನಯದಿಂದ ನಿಯಮ ನೆನಪಿಸಿ. ಕಾಲೇಜಿನ ಮಾನ್ಯತೆಯ ಪತ್ರ, ನಾಲ್ಕು ವರ್ಷದ ಶುಲ್ಕದ ಪಟ್ಟಿ ಜೊತೆಗೆ ಒಯ್ಯಿರಿ.

ಮೊದಲ ವರ್ಷ ದಾಟುವುದು

ಬಿಟ್ಟು ಹೋಗುವ ಯೋಚನೆ ಬರುವುದು ಹೆಚ್ಚಾಗಿ ಮೊದಲ ಸೆಮಿಸ್ಟರಿನಲ್ಲಿ. ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸೋಷಿಯಾಲಜಿ, ನರ್ಸಿಂಗ್ ಫೌಂಡೇಷನ್ ಎಲ್ಲ ಒಟ್ಟಿಗೆ ಬರುತ್ತವೆ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಪಾಠವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ. ಹೃದಯದೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ಗೆಳತಿಗೆ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ. ಆಮೇಲೆ ಅದನ್ನೇ ಹತ್ತು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ಬಾಯಿಪಾಠ ಮಾಡಿದ ಪುಟ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೈಕೊಡುತ್ತದೆ, ಅರ್ಥವಾದದ್ದು ಹರಕು ಇಂಗ್ಲಿಷಿನಲ್ಲಾದರೂ ಹೊರಗೆ ಬರುತ್ತದೆ. ಪರೀಕ್ಷಕರಿಗೆ ಆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಥಿಯರಿಯಲ್ಲಿ, ಪ್ರಾಕ್ಟಿಕಲ್‌ನಲ್ಲಿ ಬೇರೆ ಬೇರೆಯಾಗಿ ಶೇ. 50 ಅಂಕ ಬೇಕು. ನೂರರಲ್ಲಿ 25 ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕ. ಹಾಜರಾತಿ ಶೇ. 80. ಆದರೆ ಕ್ಲಿನಿಕಲ್ ಹಾಜರಾತಿ, ಅಂದರೆ ವಾರ್ಡಿನ ಹಾಜರಾತಿ, ಪದವಿ ಸಿಗುವ ಮೊದಲು ಪೂರ್ತಿ ನೂರಕ್ಕೆ ನೂರು ಆಗಲೇಬೇಕು. ಮನೆಯಲ್ಲಿ ನೇಮ, ಮದುವೆ ಅಂತ ಬಿಟ್ಟ ಒಂದೊಂದು ಡ್ಯೂಟಿಯನ್ನೂ ಆಮೇಲೆ ಮಾಡಿ ತೀರಿಸಬೇಕು. ಐದನೇ ಸೆಮಿಸ್ಟರಿನ ಪರೀಕ್ಷೆಗೆ ಕೂರುವ ಮೊದಲು ಹಿಂದಿನ ವಿಷಯಗಳೆಲ್ಲ ಪಾಸಾಗಿರಬೇಕು. ಹಾಗಾಗಿ ಒಂದು ವಿಷಯ ಬ್ಯಾಕ್ ಉಳಿದರೆ ಮುಂದಿನ ಪರೀಕ್ಷೆಯಲ್ಲೇ ಮುಗಿಸಿ. ಕೋರ್ಸ್ ಮುಗಿಸಲು ಗರಿಷ್ಠ ಎಂಟು ವರ್ಷ ಕಾಲ ಇದೆ. ಒಂದು ಸಲ ಫೇಲಾದವರು ಕೂಡಲೇ ಊರಿಗೆ ಗಂಟು ಕಟ್ಟಬೇಕಿಲ್ಲ.

ವಾರ್ಡ್

ಎರಡನೇ ವರ್ಷದಿಂದ ಮೆಡಿಕಲ್, ಸರ್ಜಿಕಲ್ ವಾರ್ಡ್, ಮೂರನೇ ವರ್ಷ ಮಕ್ಕಳು, ಮಾನಸಿಕ ಆರೋಗ್ಯ, ಸಮುದಾಯ, ಹೆರಿಗೆ. ಕೊನೆಯ ಸೆಮಿಸ್ಟರ್ 22 ವಾರದ ಇಂಟರ್ನ್‌ಶಿಪ್.

ಮೊದಲ ಪೋಸ್ಟಿಂಗ್‌ಗೆ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಶುರುವಾಗಿರಲಿ. ಮೂರು ಡೋಸ್, ಮೊದಲ ದಿನ, ಒಂದು ತಿಂಗಳು, ಆರು ತಿಂಗಳು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ನೇರ ಚುಚ್ಚದ ಬಿಳಿ ಡಬ್ಬಕ್ಕೆ ಹಾಕಿ. ಹಳದಿ ಚೀಲಕ್ಕೆ ರಕ್ತ ಅಂಟಿದ ಹತ್ತಿ, ಬ್ಯಾಂಡೇಜು. ಕೆಂಪಿಗೆ ಐವಿ ಸೆಟ್‌ನಂಥ ಪ್ಲಾಸ್ಟಿಕ್. ನೀಲಿಗೆ ಗಾಜು. ಅಕಸ್ಮಾತ್ ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ವಾರ್ಡ್ ಸಿಸ್ಟರ್‌ಗೆ ಹೇಳಿ. ಬೈತಾರೆ ಅಂತ ಮುಚ್ಚಿಡುವುದು ಜೀವಕ್ಕೇ ಅಪಾಯ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ.

ಔಷಧದ ಲೆಕ್ಕವನ್ನು ದಿನಾ ಅಭ್ಯಾಸ ಮಾಡಿ. ಉದಾಹರಣೆಗೆ 500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. 500ನ್ನು 20ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳ ವಾರ್ಡಿನಲ್ಲಿ ಬಳಸುವ ಮೈಕ್ರೋ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 60 ಹನಿ. ಸೆಟ್ಟಿನ ಕವರ್ ಓದದೆ ಲೆಕ್ಕ ಮಾಡಬೇಡಿ. ಸಂಶಯ ಬಂದರೆ ಕೈ ನಿಲ್ಲಿಸಿ, ಕೇಳಿ. ಡ್ಯೂಟಿ ಡಾಕ್ಟರ್ ಎಷ್ಟೇ ಅವಸರ ಮಾಡಿದರೂ ಸರಿ.

ಭಾಷೆ ನಮ್ಮ ವಾರ್ಡುಗಳ ದೊಡ್ಡ ಪಾಠ. ಒಂದು ಮಂಚದಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಆಚೆ ಕೊಂಕಣಿ, ಕಿಟಕಿ ಹತ್ತಿರ ಕುಂದಾಪುರ ಕನ್ನಡ. "ಬೇನೆ ಉಂಡಾ?", "ಒಣಸ್ ಆಂಡಾ?" ಅಂತ ಅಜ್ಜಿಯನ್ನು ಅವರ ಮಾತಿನಲ್ಲಿ ಕೇಳಿ ನೋಡಿ. ಡಾಕ್ಟರಿಗೆ ಹೇಳದ ನೋವನ್ನು ನಿಮಗೆ ಹೇಳುತ್ತಾರೆ. ಆ ಮಾಹಿತಿ ನಿಮ್ಮ ಕೇರ್ ಪ್ಲಾನಿನಲ್ಲಿ (ರೋಗಿಯ ಆರೈಕೆಗೆ ನೀವು ಬರೆಯುವ ಯೋಜನೆಯಲ್ಲಿ) ಬರಬೇಕು. ಪಕ್ಕದವರ ಕೇರ್ ಪ್ಲಾನ್ ನಕಲು ಮಾಡುವವರು ಕಳೆದುಕೊಳ್ಳುವುದು ಇದನ್ನೇ. ಮಾಡಿದ ಕೆಲಸ ಬರೆದಿಡುವ ಲಾಗ್ ಬುಕ್ಕಿಗೆ ಅದೇ ದಿನ ಸಹಿ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಹೋದರೆ ಆ ಸಿಸ್ಟರ್ ಬೇರೆ ವಾರ್ಡಿಗೆ ಹೋಗಿರುತ್ತಾರೆ.

ಮೊದಲ ಸಾವು ನೋಡಿದ ದಿನ ಊಟ ಸೇರದಿರುವುದು ಸಹಜ. ಅದನ್ನು ಒಬ್ಬರೇ ಹೊತ್ತುಕೊಂಡು ಹಾಸ್ಟೆಲಿಗೆ ಹೋಗಬೇಡಿ. ನಿಮ್ಮ ಮೇಡಂ ಹತ್ತಿರ, ಸೀನಿಯರ್ ಹತ್ತಿರ ಮಾತಾಡಿ. ಅವರೆಲ್ಲರೂ ಆ ದಿನ ದಾಟಿ ಬಂದವರೇ.

ಪದವಿ ಆದ ಮೇಲೆ

ಪದವಿ ಬಂದ ಮಾತ್ರಕ್ಕೆ ಕೆಲಸ ಮಾಡುವ ಹಾಗಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿ, ನರ್ಸ್ ಮತ್ತು ಮಿಡ್‌ವೈಫ್ ಎರಡೂ ನಂಬರ್ ಪಡೆಯಬೇಕು. ಕೊನೆಯ ಫಲಿತಾಂಶ ಬಂದ ಕೂಡಲೇ ಕಾಲೇಜಿನ ಆಫೀಸಿನಲ್ಲಿ ಇದರ ಬೆನ್ನು ಹತ್ತಿ. ಐದು ವರ್ಷಕ್ಕೊಮ್ಮೆ ನವೀಕರಣ ಇದೆ.

ಸರ್ಕಾರಿ ಕೆಲಸ ಬೇಕಾದವರಿಗೆ ಏಮ್ಸ್ ನಡೆಸುವ ನಾರ್ಸೆಟ್ ಎಂಬ ನೇಮಕಾತಿ ಪರೀಕ್ಷೆ ಇದೆ, ರಾಜ್ಯದ ಶುಶ್ರೂಷಾಧಿಕಾರಿ ನೇಮಕಾತಿ ಇದೆ. ಪಾಠ ಮಾಡುವ ಆಸೆ ಇದ್ದರೆ ಒಂದು ವರ್ಷ ಕೆಲಸ ಮಾಡಿ ಎಂ.ಎಸ್ಸಿ ಸೇರಿ. ಗಲ್ಫ್‌ಗೆ ಹೋಗುವವರಿಗೆ ಡೇಟಾಫ್ಲೋ ಎಂಬ ಸರ್ಟಿಫಿಕೇಟ್ ಪರಿಶೀಲನೆ ಮತ್ತು ಆಯಾ ದೇಶದ ಲೈಸೆನ್ಸ್ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ, ಬ್ರಿಟನ್ನಿಗೆ ಒಇಟಿ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ಹೆಚ್ಚಿನ ಕಡೆ ಕೆಲಸದ ಅನುಭವ ಕೇಳುತ್ತಾರೆ. ಮೊದಲ ಎರಡು ವರ್ಷ ಒಂದೇ ದೊಡ್ಡ ಆಸ್ಪತ್ರೆಯಲ್ಲಿ ನಿಲ್ಲಿ, ಸಾಧ್ಯವಾದರೆ ಐಸಿಯು ಅಥವಾ ಎಮರ್ಜೆನ್ಸಿ ಕೇಳಿ ತೆಗೆದುಕೊಳ್ಳಿ. ಕೆಲಸಕ್ಕೆ ಸೇರುವಾಗ ಬಾಂಡ್ ಅಂತ ಮೂಲ ಸರ್ಟಿಫಿಕೇಟ್ ಕೇಳಿದರೆ ಕೊಡಬೇಡಿ, ನಕಲು ಪ್ರತಿ ಕೊಡಿ. ಬಿಡುವಾಗ ಅನುಭವ ಪತ್ರದಲ್ಲಿ ಯಾವ ವಾರ್ಡು, ಎಷ್ಟು ಹಾಸಿಗೆಯ ಆಸ್ಪತ್ರೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಅಂತ ಬರೆಸಿಕೊಂಡೇ ಹೊರಡಿ.